ಅತ್ಸುವಿನ ಬೆನ್ನು

ಲೋಮೆ ನಗರದ ಡೆಕೋನ್ ಬೀದಿಯಲ್ಲಿ ಎತ್ಸೆಯ ಅಂಗಡಿ ಅಂದರೆ ಒಂದು ತಗಡಿನ ಗೂಡು. ಒಳಗೆ ಹಳೇ ಕಂಪ್ಯೂಟರು, ಕೆಟ್ಟ ಪ್ರಿಂಟರುಗಳ ಬಿಡಿಭಾಗ ಸೇರಿಸಿ ತಾನೇ ಕಟ್ಟಿಕೊಂಡ ಯಂತ್ರ, ಕುಂಟುವ ಒಂದು ಸ್ಟೂಲು. ಯಂತ್ರ ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ, ಪದರದ ಮೇಲೆ ಪದರ ಹಾಕಿ ಫೋನಿನ ಕವರು ಕಟ್ಟುತ್ತಿತ್ತು. ಬೇರೆ ಎಲ್ಲೂ ಕವರು ಸಿಗದ ಹಳೇ ಫೋನುಗಳಿಗೆ ಎತ್ಸೆಯೇ ಗತಿ. ಪರದೇಶದ ಯಾರೋ ಪುಣ್ಯಾತ್ಮ ಇಂಟರ್‌ನೆಟ್ಟಿಗೆ ಬಿಟ್ಟ ಕವರಿನ ಮಾದರಿಯನ್ನು ಇಳಿಸಿಕೊಂಡು, ಆಕಾರ ತಿದ್ದುವ ಕ್ಯಾಡ್ ತಂತ್ರಾಂಶದಲ್ಲಿ ತೆರೆದು, ಕ್ಯಾಮೆರಾದ ತೂತನ್ನು ಆಚೆ ಸರಿಸಿ, ಗೋಡೆ ದಪ್ಪ ಮಾಡಿ ಕೊಡುತ್ತಿದ್ದ. ಹಾಗೆ ಬಂದ ಮಾದರಿಗೆ ಹಿಂದುಮುಂದಿಲ್ಲ. ಮೊದಲು ಯಾವ ಗೆರೆ ಎಳೆದರು, ಆಮೇಲೆ ಎಲ್ಲಿ ಕೊರೆದರು, ಒಂದೂ ಅದರೊಳಗೆ ಇರುವುದಿಲ್ಲ. ಬರೀ ಆಕಾರ. ಎತ್ಸೆ ಅಂಥದ್ದನ್ನು ಅನಾಥ ಎಂದು ಕರೆಯುತ್ತಿದ್ದ. ಇವತ್ತು ಎಷ್ಟು ಅನಾಥರಪ್ಪಾ ಎಂದು ಪಕ್ಕದ ರಿಪೇರಿಯವರು ಕಿಚಾಯಿಸುತ್ತಿದ್ದರು.

ಎತ್ಸೆ ಅವಳಿ. ಗಳಿಗೆ ಮುಂಚೆ ಹುಟ್ಟಿದ ಅತ್ಸು ಮೂರು ವರ್ಷಕ್ಕೆ ಜ್ವರ ಬಂದು ಸತ್ತ. ಅವರ ಜನರ ಪದ್ಧತಿಯಂತೆ ಅವಳಿಯಲ್ಲಿ ಒಬ್ಬ ಹೋದರೆ ಅವನಿಗೊಂದು ಮರದ ಮೈ ಕೆತ್ತಿಸಬೇಕು, ಉಳಿದವನಿಗೆ ಕೊಟ್ಟದ್ದನ್ನೆಲ್ಲ ಅವನಿಗೂ ಕೊಡಬೇಕು. ಅವ್ವ ಅಫಿವಾ ಅಂಗೈಯುದ್ದದ ಒಂದು ಬೊಂಬೆ ಕೆತ್ತಿಸಿ ಸೊಂಟದ ಬಟ್ಟೆಗೆ ಸಿಕ್ಕಿಸಿಕೊಂಡಳು. ಎತ್ಸೆಗೆ ಅಂಗಿ ಹೊಲಿಸಿದರೆ ಅದೇ ಬಟ್ಟೆಯ ತುಂಡು ಅತ್ಸುವಿಗೆ. ಕೆಂಪೆಣ್ಣೆ ಹಾಕಿದ ಅಲಸಂದೆ ಬೇಯಿಸಿದರೆ ಮೊದಲು ಅತ್ಸುವಿನ ಬಾಯಿಗೆ ಒಂದಿಷ್ಟು ಸವರಿ, ಆಮೇಲೆ ತಾನು ಉಣ್ಣುವಳು. ಸರ್ಕಾರದ ವಿರುದ್ಧ ಮೆರವಣಿಗೆ ನಡೆದ ವರ್ಷ ಲಾಠಿಯೇಟಿಗೆ ಎತ್ಸೆಯ ತಲೆ ಒಡೆದಾಗ, ಮರದ ತಲೆಗೂ ಪಟ್ಟಿ ಕಟ್ಟಿದಳು.

"ಇವನೇನ್ ಮಾಡಿದ್ನವ್ವಾ, ಮನೇಲೇ ಇದ್ನಲ್ಲ?" ಎಂದು ಎತ್ಸೆ ನಕ್ಕಿದ್ದ.

"ತಮ್ಮ ಏಟು ತಿನ್ನೋವಾಗ ಇವ್ನು ತೆಪ್ಪಗೆ ಕೂತಿದ್ದ ಅಂತ ಜನ ಆಡ್ಕೋಬಾರ್ದು ಕಣ್ಲಾ."

ವಯಸ್ಸಾಗುತ್ತ ಅವ್ವನ ಕಣ್ಣಿಗೆ ಪೊರೆ ಬಂತು, ಮೈ ಇಳಿಯಿತು, ಸೊಂಟದ ಬಟ್ಟೆ ನಿಲ್ಲದಾಯಿತು. ಅತ್ಸು ಎರಡು ಸಲ ಸಂತೆಯಲ್ಲಿ ಬಿದ್ದುಹೋಗಿ ಸಿಕ್ಕಿದ. ಎರಡನೇ ಸಲ ಎಡ ಹೆಗಲ ಹಿಂಬದಿ ಸೀಳು ಬಿಟ್ಟಿತ್ತು. ಅವಳು ಕೈಬಿಡದೆ ಹಿಡಿದಿರುತ್ತಿದ್ದದ್ದು ಒಂದೇ, ಮಗ ಕೊಡಿಸಿದ ಫೋನು. ಹಾಗಾಗಿ ಎತ್ಸೆ ಒಂದು ಅನಾಥ ಕವರನ್ನು ಇಳಿಸಿಕೊಂಡು, ಅದರ ಬೆನ್ನು ದಪ್ಪ ಮಾಡಿ, ಅತ್ಸು ಮಲಗುವಷ್ಟು ಗುಣಿ ತೋಡಲು ಕೂತ. ಬೊಂಬೆಯನ್ನು ಅವ್ವ ಕೈಯಿಂದ ಬಿಡಲಿಲ್ಲ. ಅವಳೇ ಬೋರಲು ಹಿಡಿದುಕೊಂಡಳು, ಎತ್ಸೆ ಉಕ್ಕಿನ ಅಳತೆಗೋಲು ಹಿಡಿದು ತಲೆಯಿಂದ ಕಾಲಿನವರೆಗೆ ಐದೈದು ಮಿಲಿಮೀಟರಿಗೆ ಒಂದು ಅಳತೆ, ಹೆಗಲ ಸೀಳಿನದೂ ಸೇರಿಸಿ ಬರೆದುಕೊಂಡ. ತಿರುಗಿಸು ಅಂದರೆ ಬಯ್ದಳು.

"ಮಗೀನ್ ಮುಖುಕ್ಕೆ ಕಬ್ಬಿಣ ತಾಗಿಸ್ತೀಯಾ? ಬೆನ್ನು ಕೂತ್ರೆ ಸಾಕಲ್ವಾ ನಿಂಗೆ. ಮುಖ ಆಚೆ ಇರ್ಲಿ, ಊರು ನೋಡ್ಲಿ."

ಎತ್ಸೆಗೂ ಬೇಕಿದ್ದದ್ದು ಬೆನ್ನು ಮಾತ್ರ. ಕವರು ಇಟ್ಟಿಗೆಯಷ್ಟು ದಪ್ಪ ಬಂತು. ಅತ್ಸು ಅದರಲ್ಲಿ ಟಕ್ ಎಂದು ಕೂತ. ಅವಳಿಯಮ್ಮನ ಫೋನು ಬಸುರಿ ಎಂದು ಕೇರಿಯ ಹೆಂಗಸರು ನಕ್ಕರೆ, ಹೆರಿಗೆಗೆ ನಿಮ್ಮನೇಗೇ ಬರ್ತದೆ, ನೀರು ಕಾಯಿಸಿ ಅನ್ನುತ್ತಿದ್ದಳು.

ಎತ್ಸೆಯ ಹೆಂಡತಿ ಜಿಗ್ಬೋಡಿ ಮಾತ್ರ ನಗಲಿಲ್ಲ. ಅವಳಿಗೆ ಮೂರು ಬಸಿರು ನಿಂತು ಮೂರೂ ಇಳಿದಿದ್ದವು. ಸತ್ತ ಅವಳಿ ನಿನ್ನ ಹೊಟ್ಟೆಯೊಳಗೆ ಜಾಗ ಹಿಡಿದು ಕೂತಿದ್ದಾನೆ ಎಂದು ಅವಳು ಹೋಗುತ್ತಿದ್ದ ಪ್ರಾರ್ಥನಾ ಮನೆಯ ಪಾದ್ರಿ ಹೇಳಿಟ್ಟಿದ್ದ. ಅವಳು ಕೆಟ್ಟವಳಲ್ಲ. ಅತ್ತೆಯ ಬೆನ್ನು ಉಜ್ಜುತ್ತಿದ್ದವಳು, ಮೀನಿನ ಮುಳ್ಳು ಬಿಡಿಸಿ ತಟ್ಟೆಗೆ ಹಾಕುತ್ತಿದ್ದವಳು ಅವಳೇ. ಒಂದು ಭಾನುವಾರ ಅತ್ತೆ ಸ್ನಾನಕ್ಕೆ ಹೋದಾಗ ಗುಣಿಯಿಂದ ಅತ್ಸುವನ್ನು ಕಿತ್ತು, ಸೆರಗಲ್ಲಿ ಸುತ್ತಿಕೊಂಡು ಹೋದಳು. ಪ್ರಾರ್ಥನಾ ಮನೆಯ ಹಿಂದೆ ಇಂಥವನ್ನೆಲ್ಲ ರಾಶಿ ಹಾಕಿ ಸುಡುತ್ತಿದ್ದರು. ಆಮೇಲೆ ಗಂಡನಿಗೆ ಅವಳೇ ಹೇಳಿದಳು.

ಎತ್ಸೆ ಮನೆಗೆ ಬಂದಾಗ ಅವ್ವ ಬಾಗಿಲಲ್ಲಿ ಕೂತು ಖಾಲಿ ಗುಣಿಯಲ್ಲಿ ಬೆರಳಾಡಿಸುತ್ತಿದ್ದಳು. ಬಯ್ಯಲಿಲ್ಲ, ಅಳಲಿಲ್ಲ. ಉಣ್ಣಲೂ ಇಲ್ಲ. ಅವನು ಉಣ್ಣದೆ ಮೂವತ್ತೈದು ವರ್ಷ ತಾನು ಉಂಡವಳಲ್ಲ, ಈಗ ಹೇಗೆ ಉಣ್ಣಲಿ ಅಂದಳು. ಎರಡು ದಿನ ಬರೀ ನೀರಿನಲ್ಲಿ ಕಳೆದಳು. ಬೇರೆ ಬೊಂಬೆ ಕೆತ್ತಿಸುತ್ತೇನೆ ಎಂದ ಎತ್ಸೆ.

"ಬೇರೆಯವ್ರ ಮಗೀಗೆ ನಾನ್ಯಾಕ್ ಉಣ್ಸಲಿ?" ಎಂದಳು ಅವ್ವ.

ಮೂರನೇ ದಿನ ಬೆಳಿಗ್ಗೆ ಅಂಗಡಿಯಲ್ಲಿ ಕೂತಾಗ ಎತ್ಸೆಗೆ ಹೊಳೆಯಿತು. ಕವರಿನ ಕಡತ ಕಂಪ್ಯೂಟರಿನಲ್ಲೇ ಇತ್ತು. ತೆರೆದ. ಅತ್ಸು ಇರಲಿಲ್ಲ, ಅವನು ಮಲಗಿದ್ದ ಜಾಗ ಇತ್ತು. ಪರದೆಯ ಮೇಲೆಯೇ ಗುಣಿ ತುಂಬುವಂತೆ ಒಂದು ದಿಮ್ಮಿಯ ಆಕಾರ ಇಟ್ಟು, ದಿಮ್ಮಿಯಿಂದ ಕವರಿನ ಆಕಾರವನ್ನು ಕಳೆದ. ಉಳಿದದ್ದು ಬೆನ್ನು. ತಲೆಯ ಹಿಂಭಾಗ, ಹೆಗಲು, ಕುಂಡೆ, ಮೋಟು ಕಾಲು. ಸಲೀಸಾಗಿ ಕೂರಲೆಂದು ಆಗ ಬಿಟ್ಟಿದ್ದ ಅರ್ಧ ಮಿಲಿಮೀಟರನ್ನು ಸುತ್ತಲೂ ಸುಲಿದ. ಎಡ ಹೆಗಲಲ್ಲಿ ಸೀಳು ಬಿಟ್ಟಿದ್ದ ಗುರುತು ಕೂಡ ಸಿಕ್ಕಿತು. ತಿರುಗಿಸಿದರೆ ಎದುರುಗಡೆ ಸಪಾಟು. ಹಲಗೆ.

ಬೆನ್ನನ್ನೇ ಕನ್ನಡಿಯಂತೆ ಮಗುಚಿ ಎದುರಿಗೆ ಅಂಟಿಸಿ ನೋಡಿದ. ಎರಡು ಬೆನ್ನಿನ ಪ್ರಾಣಿಯಾಯಿತು. ಅಳಿಸಿದ. ನೆನಪಿನಿಂದ ಮುಖ ಬರೆಯಲು ಹೋದ. ಚಿಕ್ಕಂದಿನಿಂದ ಜೊತೆಗಿದ್ದವನ ಮೂಗು ಹೇಗಿತ್ತು ಎಂದು ಎತ್ಸೆಗೆ ಗೊತ್ತಿರಲಿಲ್ಲ. ಅವ್ವ ತೊಳೆದು, ಉಣ್ಣಿಸಿ, ಸವರಿ ಅದು ಸವೆದುಹೋಗಿತ್ತು. ಅವಳಿಯಲ್ಲವೇ, ನಿನ್ನ ಮುಖವನ್ನೇ ಇಡು ಎಂದ ಪಕ್ಕದವನು. ಎತ್ಸೆ ಮನೆಗೆ ಫೋನು ಮಾಡಿ ಅತ್ಸುವಿನ ಮುಖ ಹೇಗಿತ್ತೆಂದು ಹೆಂಡತಿಯನ್ನು ಕೇಳಿದ. ಅವಳಲ್ಲವೇ ಕೊನೆಗೆ ನೋಡಿದವಳು.

ಜಿಗ್ಬೋಡಿ ಅಂದಳು, "ಬೆಂಕಿಗ್ ಹಾಕೋವಾಗ ನಾನ್ ಕಣ್ ಮುಚ್ಕೊಂಡಿದ್ದೆ ಕಣ್ರೀ."

ಹಾಗೆಯೇ ಪ್ರಿಂಟು ತೆಗೆದ, ಕಂದು ಬಣ್ಣದಲ್ಲಿ. ಮಧ್ಯಾಹ್ನ ಮನೆಗೆ ತಂದು ಅವ್ವನ ಕೈಗಿಟ್ಟ. ಅವ್ವನ ಹೆಬ್ಬೆರಳು ಸೀದಾ ಎಡ ಹೆಗಲಿಗೆ ಹೋಯಿತು, ಸೀಳಿನ ಮೇಲೆ ನಿಂತಿತು.

"ಬಂದ್ನಾ," ಎಂದಳು. "ಹಗುರಾಗವ್ನೆ. ಎರಡ್ ದಿನ ಉಂಡಿಲ್ವಲ್ಲ."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಜಿಗ್ಬೋಡಿಯನ್ನು ಹೆಸರು ಹಿಡಿದು ಕರೆದು ಅಲಸಂದೆ ತಾ ಎಂದಳು. ಎರಡು ದಿನದಲ್ಲಿ ಅವಳು ಸೊಸೆಯ ಹೆಸರು ಆಡಿದ್ದು ಅದೇ ಮೊದಲು. ಜಿಗ್ಬೋಡಿ ಓಡಿ ತಂದಳು. ಅವ್ವ ಬೆರಳಲ್ಲಿ ಅಲಸಂದೆ ನುರಿದು, ಅತ್ಸುವನ್ನು ತಿರುಗಿಸಿ, ಬಾಯಿ ಇರಬೇಕಾದ ಕಡೆ ಸವರಿದಳು. ಜಾರಿ ಮಡಿಲಿಗೆ ಬಿತ್ತು. ಇನ್ನೊಮ್ಮೆ ಸವರಿದಳು. ಆಮೇಲೆ ಮೇಲಿಂದ ಕೆಳಗೆ ಮೆಲ್ಲಗೆ ಬೆರಳು ಎಳೆದಳು, ಗೋಡೆ ತಡವಿದ ಹಾಗೆ.

"ಮುಖ ಎಲ್ಲೋ?"

"ನೀನು ಅಳೆಯಾಕ್ ಬಿಡ್ಲಿಲ್ವಲ್ಲವ್ವಾ," ಎಂದ ಎತ್ಸೆ. ಅಂದ ಮೇಲೆ ನಾಲಗೆ ಕಚ್ಚಿಕೊಂಡ.

"ಹೂಂ. ನಾನೇ ಬಿಡ್ಲಿಲ್ಲ." ಅವ್ವ ಅತ್ಸುವನ್ನು ಗುಣಿಗೆ ಒತ್ತಿದಳು. ಮೊದಲಿನ ಹಾಗೆಯೇ ಟಕ್ ಎಂದು ಕೂತ. "ಬೆನ್ ತಿರುಗ್ಸಿ ಹೋದೋನು ಬೆನ್ನೇ ತಾನೇ ಕೊಟ್ಟಾನು. ಬಾಯಿಲ್ದೋನಿಗೆ ನಾನೇನ್ ಉಣ್ಸಲಿ, ಹೇಳು."

ಆ ದಿನ ಸೊಸೆ ಅತ್ತು ಕಾಲು ಹಿಡಿದದ್ದಕ್ಕೆ ನಾಲ್ಕು ತುತ್ತು ನುಂಗಿದಳು. ಅಲ್ಲಿಂದ ಮುಂದೆ ಎರಡು, ಆಮೇಲೆ ಒಂದು. ಮಳೆ ಹಿಡಿಯುವ ಮುಂಚೆ ಹೋದಳು. ಆಸ್ಪತ್ರೆಯವರು ವಯಸ್ಸು ಅಂದರು, ಪಾದ್ರಿ ದೇವರ ಚಿತ್ತ ಅಂದ.

ಮೈ ತೊಳೆಯುವ ಹೆಂಗಸರ ಜೊತೆ ಜಿಗ್ಬೋಡಿಯೂ ಇದ್ದಳು. ಕವರಿನಿಂದ ಅತ್ಸುವನ್ನು ಬಿಡಿಸಿ, ಅತ್ತೆಯ ಸೊಂಟದ ಬಟ್ಟೆಗೆ ಬಿಗಿಯಾಗಿ ಸಿಕ್ಕಿಸಿದವಳು ಅವಳೇ. ಪ್ರಾರ್ಥನಾ ಮನೆಯವರು ನೋಡುತ್ತಿದ್ದರು, ನೋಡಲಿ ಎಂದು ಸಿಕ್ಕಿಸಿದಳು. ಆಮೇಲೆ ಹೊರಗೆ ಬಂದು ಗಂಡನಿಗೆ ಹೇಳಿದಳು. ಮುಖ ಒಳಗೆ ಮಾಡಿದೆಯೋ ಹೊರಗೆ ಮಾಡಿದೆಯೋ ಎಂದು ಕೇಳಲು ಎತ್ಸೆ ಬಾಯಿ ತೆರೆದ. ಕೇಳಲಿಲ್ಲ. ಮುಖ ಇರಲೇ ಇಲ್ಲವಲ್ಲ.