ಅವ್ವನ ಬಾಣಂತನ, ನನ್ನ ಕ್ಯಾಲ್ಕುಲಸ್

ನಾನು ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದಾಗ ನಮ್ಮವ್ವ ಐದನೆಯ ಮಗುವನ್ನು ಹೆತ್ತಳು. ನನ್ನ ವಾರಿಗೆಯ ಹುಡುಗಿಯರು ಬಾಣಂತನಕ್ಕೆಂದು ತವರಿಗೆ ಬರುತ್ತಿದ್ದ ಕಾಲ ಅದು. ನಮ್ಮ ಮನೆಯಲ್ಲಿ ತಾಯಿಯ ಬಾಣಂತನವನ್ನು ಮಗಳು ಮಾಡುವಂತಾಯಿತು. ಅವ್ವನ ತವರಿನಲ್ಲಿ ಮಾಡುವವರು ಯಾರೂ ಉಳಿದಿರಲಿಲ್ಲ. ಅಪ್ಪನ ತಾಯಿ, ನಮ್ಮಜ್ಜಿಗೆ, ಕಣ್ಣು ಮಂಜಾಗಿತ್ತು. ಮಗುವಿಗೆ ನೀರು ಹಾಕುವುದೊಂದು ಬಿಟ್ಟರೆ ಬೇರೆ ಕೆಲಸ ಆಗುತ್ತಿರಲಿಲ್ಲ. ನನ್ನ ಕೆಳಗಿನ ಮೂವರೂ ಗಂಡುಹುಡುಗರು.

ಕಾಲೇಜು ಮೈಸೂರಿನಲ್ಲಿ. ಕ್ಯಾತನಹಳ್ಳಿಯಿಂದ ಬಸ್ಸಿನಲ್ಲಿ ಪಾಂಡವಪುರದ ಸ್ಟೇಷನ್ನಿಗೆ ಬಂದು ರೈಲು ಹಿಡಿಯಬೇಕಿತ್ತು. ಸೆಮಿಸ್ಟರ್ ಪದ್ಧತಿ ಆಗಿನ್ನೂ ಹೊಸದು. ಒಂದು ಪರೀಕ್ಷೆಯ ಆಯಾಸ ಕಳೆಯುವುದರೊಳಗೆ ಇನ್ನೊಂದು ಬಂದು ನಿಲ್ಲುತ್ತಿತ್ತು. ಎರಡನೆಯ ಸೆಮಿಸ್ಟರಿನ ಗಣಿತವೆಂದರೆ ಮುಕ್ಕಾಲು ಪಾಲು ಇಂಟಿಗ್ರೇಷನ್. ಮೊದಲ ಸೆಮಿಸ್ಟರಿನ ಡಿಫರೆನ್ಷಿಯೇಷನ್‌ನಲ್ಲಿ ನಿಯಮ ಗೊತ್ತಿದ್ದರೆ ಹೇಗೋ ಉತ್ತರ ಬರುತ್ತಿತ್ತು. ಇದು ಹಾಗಲ್ಲ. ಲೆಕ್ಕವನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂರಬೇಕು, ಯಾವ ದಾರಿಯಲ್ಲಿ ಹೋದರೆ ಬಿಡಿಸಿಕೊಂಡೀತು ಎಂದು ಯೋಚಿಸಬೇಕು. ನನಗೆ ಕೂರುವುದಕ್ಕೇ ಹೊತ್ತಿರಲಿಲ್ಲ.

ಬೆಳಗಾದರೆ ಹಂಡೆಗೆ ನೀರು ತುಂಬಿ, ಒಣಗಿದ ಕಬ್ಬಿನ ಸೋಗೆ ತುರುಕಿ ಒಲೆ ಹೊತ್ತಿಸುತ್ತಿದ್ದೆ. ಸೋಗೆ ಭಗ್ಗನೆ ಉರಿದು ಕ್ಷಣದಲ್ಲಿ ಬೂದಿಯಾಗುತ್ತದೆ, ಮುಂದೆಯೇ ಕೂತು ತುರುಕುತ್ತಿರಬೇಕು. ಅವ್ವನಿಗೆ ಮೆಣಸು ಬೆಳ್ಳುಳ್ಳಿಯ ಸಾರು, ಉಳಿದವರಿಗೆ ಮುದ್ದೆ, ಆಮೇಲೆ ಮಗುವಿನ ಬಟ್ಟೆ. ಅವೆಲ್ಲ ಮುಗಿಸಿ ರೈಲು ಹತ್ತಿದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಶ್ರೀರಂಗಪಟ್ಟಣದಲ್ಲಿ ಹತ್ತುತ್ತಿದ್ದ ಗೆಳತಿ ನನ್ನ ಭುಜ ಅಲ್ಲಾಡಿಸಿ ಎಬ್ಬಿಸುತ್ತಿದ್ದಳು. ಅವಳು ಬಾಬುರಾಯನಕೊಪ್ಪಲಿನವಳು, ನನ್ನ ತರಗತಿಯವಳೇ. ಮೈಸೂರು ಬರುವವರೆಗೆ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಅವಳೇ ನನಗೆ ಪಾಠ ಹೇಳುತ್ತಿದ್ದದ್ದು.

ಒಂದು ಲೆಕ್ಕ ನನ್ನನ್ನು ಬಹಳ ದಿನ ಕಾಡಿತ್ತು. ‘ಬೈ ಪಾರ್ಟ್ಸ್’ ಎಂದು ಭಾಗ ಮಾಡಿ ಬಿಡಿಸುತ್ತಾ ಹೋದರೆ ಎರಡನೆಯ ಸಲಕ್ಕೆ ಮೊದಲಿದ್ದ ಲೆಕ್ಕವೇ ತಿರುಗಿ ಬರುತ್ತಿತ್ತು. ನಾನು ಎಲ್ಲೋ ತಪ್ಪಿದೆನೆಂದು ಹೊಡೆದುಹಾಕಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೆ.

“ತಪ್ಪೇನಿಲ್ಲ ಕಣೆ. ಅದು ತಿರ್ಗಾ ಬರ್ಲೇಬೇಕು” ಅಂದಳು ಅವಳು. “ಬಂದದ್ದ ಎತ್ಕೊಂಡು ಈ ಕಡೆ ಆಕ್ಕೊ. ಎರಡರಿಂದ ಭಾಗ್ಸು. ಅಷ್ಟೆಯ.”

ಅಷ್ಟೇ ಆಗಿತ್ತು. ನನಗೆ ಸಂತೋಷವಾಗಬೇಕಿತ್ತು, ಆದರೆ ಅಷ್ಟು ಸಣ್ಣದಕ್ಕೆ ಅಷ್ಟು ದಿನ ಹೋಯಿತಲ್ಲ ಎಂದು ಅಳು ಬಂತು.

ಪರೀಕ್ಷೆಗೆಂದು ರಜೆ ಕೊಟ್ಟ ಮೇಲೆ ಇನ್ನೂ ಕಷ್ಟವಾಯಿತು. ಮನೆಯಲ್ಲೇ ಇದ್ದಾಳಲ್ಲ ಎಂದು ಎಲ್ಲರೂ ನನ್ನನ್ನೇ ಕರೆಯುವರು. ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು, ಪಕ್ಕದಲ್ಲಿ ಪುಸ್ತಕ ತೆರೆದು, ಸೂತ್ರಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ತಟ್ಟುತ್ತಿದ್ದೆ. ಸೂತ್ರ ಮುಗಿಯುವ ಮೊದಲೇ ಮಗು ಅಳುತ್ತಿತ್ತು, ಇಲ್ಲವೇ ನಾನು ತೂಕಡಿಸುತ್ತಿದ್ದೆ. ಬಾಣಂತಿ ಕೋಣೆಯಿಂದ ಅವ್ವ ಇದನ್ನೆಲ್ಲ ನೋಡುತ್ತಿದ್ದಳು. ಬೆಳೆದ ಮಗಳ ಮುಂದೆ ಹೆತ್ತೆನೆಂಬ ನಾಚಿಕೆ ಅವಳಿಗೆ ಮೊದಲಿಂದಲೂ ಇತ್ತು. ನನ್ನ ಮುಖ ನೋಡಿ ಮಾತಾಡುತ್ತಿದ್ದದ್ದೇ ಕಮ್ಮಿ.

ಗಣಿತದ ಪರೀಕ್ಷೆಗೆ ಇನ್ನೇನು ಎರಡು ಮೂರು ದಿನವಿದೆ ಅನ್ನುವಾಗ, ಬೆಳಗ್ಗೆ ನಾನು ಹಿತ್ತಲಿನಿಂದ ಬರುವಷ್ಟರಲ್ಲಿ ಅವ್ವ ತಲೆಗೆ ಬಟ್ಟೆ ಕಟ್ಟಿಕೊಂಡು ಒಲೆಯ ಮುಂದೆ ಕೂತಿದ್ದಳು. ಅಜ್ಜಿಗೆ ಕಣ್ಣು ಕಾಣದಿದ್ದರೂ ಸದ್ದಿನಲ್ಲೇ ಗೊತ್ತಾಯಿತು.

“ಬಾಣ್ತಿ ಒಲೆತಾವ್ಕೆ ಬರ್ಬಾರ್ದು ಕಣವ್ವ. ಸನ್ನಿಯಾದ್ರೆ ಯಾರು ನೋಡರು?”

“ಮಗ್ಳು ಓದ್ಲಿ ಬುಡಿ ಅತ್ತೆ. ನಂಗೇನೂ ಆಗಕಿಲ್ಲ” ಅಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿ, “ನೀನು ನಿನ್ ಗೆಣತಿ ಮನೆಗೋಗು. ಪರೀಕ್ಷೆ ಬರ್ಕಂಡೇ ಬಾ. ಇಲ್ಲಿದ್ರೆ ಓದಕಾಗಕಿಲ್ಲ” ಅಂದಳು.

ಗದ್ದೆಗೆ ಹೊರಟಿದ್ದ ಅಪ್ಪ ಬಾಗಿಲಲ್ಲಿ ನಿಂತು, “ಈ ಸಾರಿ ಬುಟ್ಟು ಮುಂದಿನ ಸಾರಿ ಬರೆಯಕಾಗಕಿಲ್ವಾ?” ಎಂದು ಕೇಳಿದ. ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು. ಅವ್ವ ಒಲೆಗೆ ಇನ್ನೊಂದು ಹಿಡಿ ಸೋಗೆ ತುರುಕಿದಳು. ಅಪ್ಪ ನನ್ನ ಬಟ್ಟೆಯ ಚೀಲವನ್ನು ತಾನೇ ಎತ್ತಿಕೊಂಡು ಬಸ್ಸಿನವರೆಗೂ ಬಂದ.

ಬಾಬುರಾಯನಕೊಪ್ಪಲು ತಲುಪಿ, ಗೆಳತಿಯ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಪುಸ್ತಕ ಬಿಚ್ಚಿದೆ. ತಣ್ಣನೆಯ ನೆಲ, ಕರೆಯುವವರು ಯಾರೂ ಇಲ್ಲ. ಮೊದಲ ಪುಟ ತಿರುವಿದ್ದು ಮಾತ್ರ ನೆನಪು. ಎಚ್ಚರವಾದಾಗ ಬಿಸಿಲು ಇಳಿದು, ಹಸುಗಳು ಕೊಟ್ಟಿಗೆಗೆ ಬರುತ್ತಿದ್ದವು. ಇಡೀ ದಿನ ಹೋಗಿತ್ತು.

“ಯಾಕೆ ಎಬ್ಬಿಸ್ನಿಲ್ಲ?” ಎಂದು ಗೆಳತಿಯ ಮೇಲೆ ರೇಗಿದೆ.

ಅವಳ ತಾಯಿ ಹಾಲು ಕರೆಯಲು ಹೊರಟವರು ನಿಂತರು. “ನಾನೇ ಬೇಡ ಅಂದೆ ಕಣಮ್ಮಿ. ನಿನ್ ಮೊಕ ಒಂದ್ಸಾರಿ ನೋಡ್ಕೊ, ಎಂಗ್ ಬತ್ತೋಗದೆ. ಇನ್ಮೇಲೆ ಓದೀವಂತೆ.”

ಓದಿದೆ. ಅದಾದ ಮೇಲೆ ಒಂದಿಷ್ಟು ತಲೆಗೆ ಹತ್ತಿತು ಕೂಡ. ಪರೀಕ್ಷೆಯಲ್ಲಿ, ನನ್ನನ್ನು ಅಷ್ಟು ಕಾಡಿದ್ದ ಆ ಲೆಕ್ಕ ಬರಲೇ ಇಲ್ಲ. ಬಂದದ್ದರಲ್ಲಿ ಕೆಲವನ್ನು ಬಿಡಿಸಿದೆ, ಕೆಲವನ್ನು ಅರ್ಧಕ್ಕೆ ಬಿಟ್ಟೆ. ಗೆಳತಿ ನನ್ನ ಮುಂದಿನ ಸಾಲಿನಲ್ಲಿ ತಲೆಯೆತ್ತದೆ ಬರೆಯುತ್ತಿದ್ದಳು. ನಾನು ಗಂಟೆ ಹೊಡೆಯುವುದನ್ನೇ ಕಾಯುತ್ತಾ ಕೂತಿದ್ದೆ.

ಮನೆಗೆ ಬಂದರೆ ಅವ್ವ ಜ್ವರದಲ್ಲಿ ಮಲಗಿದ್ದಳು. ನಾನು ಹೋದ ಮಾರನೆಯ ದಿನವೇ ಚಳಿಯಿಟ್ಟು ಬಂದಿತ್ತಂತೆ. ನನಗೆ ಹೇಳಿಕಳಿಸಬಾರದೆಂದು ಅಪ್ಪನಿಂದ ಆಣೆ ಹಾಕಿಸಿಕೊಂಡಿದ್ದಳು. ಪಾಂಡವಪುರದ ಡಾಕ್ಟರು ಬಂದು ಸೂಜಿ ಚುಚ್ಚಿ ಹೋಗಿದ್ದರು. ಅಜ್ಜಿ ನನ್ನ ಸದ್ದು ಕೇಳಿ ಮುಖವನ್ನು ಆ ಕಡೆ ತಿರುಗಿಸಿಕೊಂಡಳು. ಚೀಲವನ್ನು ಮೂಲೆಗಿಟ್ಟು ಒಲೆ ಹೊತ್ತಿಸಿದೆ. ಜ್ವರ ಇಳಿಯಿತು, ಆದರೆ ಅವ್ವನ ಸೊಂಟಕ್ಕೆ ಆಗ ಹಿಡಿದ ನೋವು ಕೊನೆಯವರೆಗೂ ಬಿಡಲಿಲ್ಲ. ಒಲೆ ಮುಂದೆ ಕೂತದ್ದಕ್ಕೇ ಬಂತೆಂದು ಅಜ್ಜಿ ಹೇಳುತ್ತಿದ್ದಳು. ಇದ್ದರೂ ಇರಬಹುದು.

ಫಲಿತಾಂಶ ಬಂದಾಗ ಗೆಳತಿಗೆ ಒಳ್ಳೆಯ ಅಂಕ ಬಂದಿತ್ತು. ನಾನು ಗಣಿತದಲ್ಲಿ ಅಂಚಿನಲ್ಲಿ ಪಾಸಾಗಿದ್ದೆ. ಮಗುವಿಗೆ ಹಾಲು ಕೊಡುತ್ತಿದ್ದ ಅವ್ವನಿಗೆ ಹೇಳಿದೆ.

“ಆ ಲೆಕ್ಕದ ಪಾಠ ಮುಗೀತಾ ಇಲ್ಲಿಗೆ?” ಎಂದು ಕೇಳಿದಳು.

“ಇಲ್ಲ ಕಣವ್ವ. ಮೂರನೇ ಸೆಮಿಸ್ಟರಲ್ಲೂ ಅದೆ.”

ಅವ್ವ ಮಗುವನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು. ಆಮೇಲೆ ಪಕ್ಕಕ್ಕೆ ಸರಿದು, ಚಾಪೆಯ ಮೇಲೆ ಜಾಗ ಮಾಡಿ, “ಬಾ, ಒಂದ್ಗಳಿಗೆ ಮನೀಕೊ” ಅಂದಳು.