ಸಾಣಿಸಿದ ಮಣ್ಣು

ನಮ್ಮ ಹೊಲ ಕೆಟ್ಟದ್ದು ನೀರು ಹೆಚ್ಚಾಗಿ. ಸಿರುಗುಪ್ಪ ಸೀಮಿಯಾಗ ಕಾಲುವಿ ಬಂದಾಗಿಂದ ವರ್ಷಕ್ಕ ಎರಡು ಸಲ ನೆಲ್ಲು ಹಚ್ಚಿದ್ವಿ. ನೀರು ನಿಂತು ನಿಂತು ನೆಲದೊಳಗಿನ ಉಪ್ಪು ಮ್ಯಾಲ ಬಂತು. ಬ್ಯಾಸಿಗಿಯಾಗ ಕೆಳಗಿನ ಮಡಿ ನೋಡಿದ್ರ ಯಾರೋ ಸುಣ್ಣ ಚೆಲ್ಲಿ ಹೋದಂಗ ಕಾಣ್ತಿತ್ತು. ಅದಕ್ಕ ಸವಳು ಅಂತಾರ. ಮೂರೂವರೆ ಎಕರೆದಾಗ ಒಂದು ಎಕರೆ ಹಂಗಾಗಿ ಹೋಗಿತ್ತು.

ಹೊಲ ನೋಡ್ತಿದ್ದಾಕಿ ಸೊಸಿ. ಮಗ ಲಾರಿ ಮ್ಯಾಲ ಇರ್ತಾನ. ತಿಂಗಳಿಗೆ ಎರಡು ದಿನ ಬರ್ತಾನ, ಉಂಡು ಮಲಗಿ ಹೋಗ್ತಾನ. ಸೊಸಿ ಈ ಮನಿಗೆ ಬಂದಾಗಿಂದ ಮಂದಿ ಹೊಲಕ್ಕ ಕೂಲಿಗೆ ಹೋದಾಕಿ. ಅದನ್ನ ಬಿಟ್ಟು ನಮ್ಮ ಹೊಲದಾಗ ದುಡಿದು ಉಣಬೇಕು ಅನ್ನೋದೊಂದೇ ಅಕಿ ಆಸಿ. ಬಂಗಾರ ಸೈತ ಬೇಡಿದಾಕಿ ಅಲ್ಲ.

ಕುರುಗೋಡಿನಾಗ ಹೆಣ್ಣುಮಕ್ಕಳ ಸಭಾ ಒಂದು ಆದಾಗ ಅಕಿ ಕೇಳಿ ಬಂದ್ಲು. ಬಳ್ಳಾರಿ ಪಾರ್ವತಿನಗರದಾಗ ಒಂದು ಮಹಡಿ ಮ್ಯಾಲ ಆಫೀಸು ಐತಂತ. ಸಣ್ಣ ಹೊಲದಾವ್ರಿಗೆ ಸಲಹಾ ಕೊಡ್ತಾರಂತ. ಯಾವ ಮಡಿಗೆ ಏನು ಹಾಕಬೇಕು, ಬೆಳದದ್ದು ಎಲ್ಲಿ ಮಾರಬೇಕು, ಮಣ್ಣು ಮೊಮ್ಮಕ್ಕಳ ಕಾಲಕ್ಕೂ ಹೆಂಗ ಉಳೀಬೇಕು, ಎಲ್ಲಾ ಹಾಳಿ ಮ್ಯಾಲ ಬರದು ಕೊಡ್ತಾರಂತ.

"ಹೊಲ ಮಾಡೋದು ಮಹಡಿ ಮ್ಯಾಲ ಕುಂತು ಕಲಸ್ತಾರೇನ?" ಅಂದೆ.

"ನೆಲದ ಮ್ಯಾಲ ಕುಂತು ನೀವು ಏನು ಕಲಸಿದ್ರಿ ಅತ್ತಿ? ನೆಲ್ಲು ಹಚ್ಚೋದು, ನೆಲ್ಲು ಕೊಯ್ಯೋದು."

ಅಕಿ ಕೂಡ ಬಸ್ ಹತ್ತಿ ಹೋದೆ. ಅಲ್ಲಿ ಇದ್ದಾಕಿ ಒಬ್ಬ ಹುಡುಗಿ, ನನ್ನ ಮೊಮ್ಮಗಳಷ್ಟು ವಯಸ್ಸು. ಮೇಡಂ ಅಂತ ಕರೀಬೇಕಾತು. ಅಕಿ ಉಗುರಾಗ ಮಣ್ಣಿತ್ತು. ಅದನ್ನ ನೋಡಿ ಸ್ವಲ್ಪ ನಂಬಿದೆ. ಒಂದು ಬಟ್ಟಿ ಚೀಲ ಕೊಟ್ಟು ಹೇಳಿದ್ಲು: "ಹಾವು ಹರಿದಂಗ ಹೊಲದ ತುಂಬ ಅಡ್ಡಾಡ್ರಿ. ಒಂಬತ್ತು ಕಡಿ ಗೇಣುದ್ದ ಕುಣಿ ತೋಡ್ರಿ. ಎಲ್ಲಾ ಕಡಿ ಮಣ್ಣು ಕೂಡಿಸಿ, ಕಲಸಿ, ಅದರಾಗ ಅರ್ಧ ಕಿಲೋ ತರ್ರಿ. ಚಲೋದು ಕೆಟ್ಟದ್ದು ಅಂತ ಆರಿಸಬ್ಯಾಡ್ರಿ."

ಕಿವಿಗೆ ಬಿತ್ತು. ಬೀಳಲಿಲ್ಲ ಅಂತ ನಾನು ಹೇಳೋದಿಲ್ಲ.

ಮಣ್ಣು ತೆಗಿಯೋ ದಿನ ಸೊಸಿಗೆ ಚಳಿಜ್ವರ ಬಂತು. "ನೀವ ಹೋಗಿ ತರ್ರಿ ಅತ್ತಿ, ಮೇಡಂ ಹೇಳಿದಂಗ" ಅಂತ ಚಾದರದೊಳಗಿಂದ ಅಂದ್ಲು. ನಾನು ಚೀಲ ಹಿಡಕೊಂಡು ಹೋದೆ. ಕೆಳಗಿನ ಮಡಿಯಾಗ ಕಾಲಿಟ್ಟರ ಮಣ್ಣು ಹಪ್ಪಳದಂಗ ಚಟಚಟ ಮುರೀತಿತ್ತು. ಒಂದು ಹಿಡಿ ತಗೊಂಡೆ. ಬೆಳ್ಳಗ, ಉಪ್ಪುಪ್ಪು. ಇದನ್ನ ಆ ಹುಡುಗಿ ಮುಂದ ಹೆಂಗ ಇಡೋದು ಅನ್ನಿಸ್ತು. ನಾನು ತಿಳಕೊಂಡಿದ್ದು ಇಷ್ಟು: ಅವರ ಹತ್ರ ಬಾಳ ಮಂದಿ ಹೋಗ್ತಾರ, ಎಲ್ಲಾರನ್ನ ತಗೊಳ್ಳೋದಿಲ್ಲ. ಹೊಲ ಒಪ್ಪಿಗಿ ಆಗದಿದ್ರ ವಾಪಸ್ ಕಳಸ್ತಾರ. ಸರಕಾರದಿಂದ ಪರಿಹಾರ ಬರಕೊಳ್ಳಾವ್ರು ಬಂದಿದ್ರ ಸವಳಿನ ಮಣ್ಣೇ ಬುಟ್ಟಿಗಟ್ಲೆ ಕೊಡ್ತಿದ್ದೆ. ಇದು ಹೆಣ್ಣು ನೋಡಾಕ ಬಂದಂಗ. ನನ್ನ ನೋಡಾಕ ಬಂದ ದಿನ ನಮ್ಮವ್ವ ನನ್ನ ಎಡಗೈ ಮ್ಯಾಲಿನ ಸುಟ್ಟ ಕಲಿ ಕಾಣಬಾರದಂತ ಮೊಣಕೈ ತನಕ ಬಳಿ ಇಡಿಸಿದ್ಲು. ಮದುವಿ ಆತು. ಕಲಿ ಕಂಡ ಮ್ಯಾಲೂ ನನ್ನ ಗಂಡ ಏನೂ ಅನ್ನಲಿಲ್ಲ.

ಮೊದಲು ತಿಪ್ಪಿ ಇದ್ದ ಜಾಗ ಒಂದು ಐತಿ, ಬದುವಿನ ಜಾಲಿ ಗಿಡದ ಹತ್ರ. ಅಲ್ಲಿ ಮಣ್ಣು ಕರ್ರಗ, ಮೆತ್ತಗ. ಅದನ್ನ ತುಂಬಿಕೊಂಡು ಬಂದೆ. ಮನ್ಯಾಗ ಹಿಟ್ಟು ಸಾಣಿಸೋ ಸಾಣಿಗಿ ತಗೊಂಡು ಸಾಣಿಸಿದೆ ಕೂಡ. ಹಳ್ಳು, ಬೇರು, ಎಲ್ಲಾ ತೆಗದೆ. ಚೀಲದ ಬಾಯಿ ಕಟ್ಟಿ ಸೊಸಿ ಕೈಯಾಗ ಕೊಟ್ಟೆ.

"ಕೆಳಗಿನ ಮಡಿಯಿಂದಾನೂ ತಂದ್ರಿ ಹೌದಲ್ಲ?"

"ತಂದೀನಿ. ಮಲಕೋ."

ಮಣ್ಣು ಪರೀಕ್ಷಾ ಮಾಡಿದ ಹಾಳಿ ಬರೋ ಹೊತ್ತಿಗೆ ಹೊಲದಾಗ ನೆಲ್ಲು ನಾಟಿ ಆಗಿತ್ತು. ನೀರು ನಿಂತಾಗ ಸವಳು ಕಾಣೋದಿಲ್ಲ. ಮೇಡಂ ಬಂದು ಬದುವಿನ ಮ್ಯಾಲ ನಿಂತು ಹಾಳಿ ನೋಡಿದ್ಲು, ಹೊಲ ನೋಡಿದ್ಲು. "ಸುತ್ತಮುತ್ತ ಎಲ್ಲಾ ಕಡಿ ಸವಳು ಐತಿ, ನಿಮ್ಮದು ಭಾರಿ ಚಲೋ ಬಂದೈತಿ. ಅಜ್ಜಿ, ಕೆಳಗಿನ ಮಡಿಯಾಗ ಪೈರು ಯಾಕ ಕುಳ್ಳಗೈತಿ?"

"ಏಡಿ ಕಡದಾವು," ಅಂದೆ.

ಏಡಿ ಕಡಿಯೋದು ಹೌದು. ಅಕಿ ನಂಬಿದ್ಲು.

ಯೋಜನಾ ಬರದು ಕೊಟ್ಲು. ಅರ್ಧ ಎಕರೆ ಮನಿ ಊಟಕ್ಕ ನೆಲ್ಲು. ಉಳಿದದ್ದಕ್ಕ ನೀರು ನಿಲ್ಲಿಸೋದು ಬಂದ್. ಅಲ್ಲಿ ನಿಂಬಿ ಗಿಡ, ನಡುವ ಹೆಸರುಕಾಳು. ಆ ನಕ್ಷೆ ಸೊಸಿ ಅನ್ನದ ಅಗಳು ಹಚ್ಚಿ ಗ್ವಾಡಿಗೆ ಅಂಟಿಸಿದ್ಲು. ರೊಟ್ಟಿ ಬಡಿಯೋವಾಗ ಅದನ್ನೇ ನೋಡ್ತಿದ್ಲು. ಕೂಲಿಗೆ ಕರಿಯಾಕ ಬಂದಾವ್ರಿಗೆ "ನಮ್ಮ ಹೊಲದಾಗ ಕೆಲಸ ಐತ್ರಿ" ಅಂದ್ಲು, ಜೀವನದಾಗ ಮೊದಲನೇ ಸಲ. ಅವರು ನಕ್ಕರು: "ಸಾವ್ಕಾರ್ತಿ ಆದ್ಯಲ್ಲ ಬಿಡು." ಇಕಿನೂ ನಕ್ಕಳು.

ನೆಲ್ಲು ಕೊಯ್ದ ಮ್ಯಾಲ ಗಿಡ ಹಚ್ಚಿದ್ವಿ. ಬ್ಯಾಸಿಗಿ ಬಂತು. ಮೊದಲು ಎಲಿ ತುದಿ ಕೆಂಪಗಾತು, ಬೆಂಕಿ ತಗಲಿದಂಗ. ಆಮ್ಯಾಲ ಎಲಿ ಉದುರಿದ್ವು, ಮೊದಲು ಕೆಳಗಿನ ಮಡಿಯಾಗ, ಉಪ್ಪು ಏರಿದಂಗ ಮ್ಯಾಲಿನ ಮಡಿಯಾಗೂ. ನೀರು ಕಡಿಮಿ ಆತೇನೋ ಅಂತ ಸೊಸಿ ಕೊಡದಲೆ ಹೊತ್ತು ಹಾಕಿದ್ಲು. ಹಾಕಿದಷ್ಟೂ ಉಪ್ಪು ಬೇರಿಗೆ ಹತ್ತಿತು. ನಾನು ಬದುವಿನ ಮ್ಯಾಲ ಕುಂತು ನೋಡ್ತಿದ್ದೆ. ಆವಾಗ ಹೇಳಿದ್ರೂ ಒಂದು ವರ್ಷ ಉಳೀತಿತ್ತು. ಹೇಳಲಿಲ್ಲ. ಸತ್ತ ಗಿಡ ಕಿತ್ತು ಮತ್ತೊಂದು ಸಲ ಹಚ್ಚಿದ್ಲು. ಮುಂದಿನ ಬ್ಯಾಸಿಗಿಗೆ ಅವೂ ಸತ್ತವು.

ಮೇಡಂ ಬಂದ್ಲು. ಈ ಸಲ ತಾನೇ ಸಲಿಕಿ ಹಿಡಿದು ತೋಡಿದ್ಲು. ಒಂದು ಚಿಟಿಕಿ ನಾಲಿಗಿ ಮ್ಯಾಲ ಇಟ್ಟು ಉಗುಳಿದ್ಲು.

"ಅಜ್ಜಿ, ಮೊದಲನೇ ಚೀಲ ತುಂಬಿದವ್ರು ಯಾರು?"

"ನಾನು."

"ಎಲ್ಲಿಂದ?"

ಜಾಲಿ ಗಿಡ ತೋರಿಸಿದೆ. "ಸಾಣಿಸಿದ್ರೇನು?" ಅಂತ ಕೇಳಿದ್ಲು. ಹೆಂಗ ಗೊತ್ತಾತೋ. "ಸಾಣಿಸಿದೆ" ಅಂದೆ.

ಅಕಿ ಬದುವಿನ ಮ್ಯಾಲ ಕುಂತ್ಲು. "ನಾನೂ ಬ್ಯಾಸಿಗಿಯಾಗ ಬಂದು ನೋಡಬೇಕಿತ್ತು" ಅಂತ ತನಗ ತಾನೇ ಅಂದ್ಲು. ಸೊಸಿ ನನ್ನ ಕಡಿ ನೋಡಲಿಲ್ಲ. ಒಣಗಿದ ಗಿಡ ಕೀಳಾಕತ್ತಿದ್ಲು, ಕೀಳೋದು ನಿಲ್ಲಿಸಲಿಲ್ಲ.

ಎರಡನೇ ಯೋಜನಾ ಬಂತು. ಈ ಹೊಲಕ್ಕ ಮೊದಲು ಬಸಿಗಾಲುವಿ ಬೇಕು ಅಂದ್ಲು. ಆಳದಾಗ ಕಾಲುವಿ ತೋಡಿ ಉಪ್ಪು ನೀರು ಹೊರಗ ಹಾಕಬೇಕು. ಜಿಪ್ಸಂ ಹಾಕಬೇಕು, ಹಸಿರು ಗೊಬ್ಬರ ಬೆಳದು ಮಣ್ಣಾಗ ಮುಚ್ಚಬೇಕು. ಮೂರು ನಾಕು ವರ್ಷಕ್ಕ ಮಣ್ಣು ತಿರುಗತೈತಿ. ಆದ್ರ ಆ ನೀರು ಹಳ್ಳಕ್ಕ ಹೋಗಬೇಕಂದ್ರ ನಮ್ಮ ಕೆಳಗಿನ ಹೊಲ ದಾಟಬೇಕು.

ಆ ಹೊಲ ನಮ್ಮ ಭಾವಂದಾಗಿತ್ತು. ಕೇಳಿದ್ರ ಹೂಂ ಅಂತಿದ್ದ. ತಾನೇ ಸಲಿಕಿ ಹಿಡೀತಿದ್ದ. ಆದ್ರ ನಾವು ನಿಂಬಿ ಗಿಡಕ್ಕ ನೀರು ಹೊರೋ ಎರಡು ವರ್ಷದಾಗ ಅವ ಅದನ್ನ ಮಾರಿ ಹೋಗಿದ್ದ. ಕೊಂಡಾವ ಆಂಧ್ರದ ಕಡಿಯಾವ. ಎದಿ ಎತ್ತರ ಒಡ್ಡು ಹಾಕಿ ನೆಲ್ಲು ಹಚ್ಚಿದ್ದ. ನಾನೂ ಸೊಸಿ ಹೋಗಿ ಕೇಳಿದ್ವಿ. "ಕುದರದಮ್ಮಾ" ಅಂದ. ಆಗೋದಿಲ್ಲ ಅಂತ. ಒರಟಾಗೇನೂ ಅನ್ನಲಿಲ್ಲ, ಕುಡಿಯಾಕ ಮಜ್ಜಿಗಿ ಕೊಡಿಸಿದ. ಮೇಡಂ ಎರಡು ಸಲ ಹೋಗಿ ಕೇಳಿದ್ಲು, ಅದೇ ಮಾತು, ಅದೇ ಮಜ್ಜಿಗಿ. ಅವನ ಒಡ್ಡಿನಿಂದ ನಮ್ಮ ನೀರು ಮತ್ತೂ ನಿಂತಿತು. ಈಗ ಮೂರೂವರೆ ಎಕರೆನೂ ಬೆಳ್ಳಗೈತಿ. ಇಟ್ಟಂಗಿ ಭಟ್ಟಿಯಾವ ಮಣ್ಣು ಕೊಳ್ಳಾಕ ಬಂದು ಮುಟ್ಟಿ ನೋಡಿದ. ಇಟ್ಟಂಗಿ ಉದುರತಾವ ಅಂತ ಬ್ಯಾಡಂದು ಹೋದ.

ಸೊಸಿ ಮತ್ತ ಕೂಲಿಗೆ ಹೊಂಟಾಳ. ಕೊಳಗಲ್ಲಿನ ಕಡಿ ಮೆಣಸಿನಕಾಯಿ ಹರಿಯಾಕ, ನಸುಕಿನ್ಯಾಗ ಗಾಡಿ ಬರತೈತಿ. ನಕ್ಷೆ ಗ್ವಾಡಿಯಿಂದ ಕಿತ್ತಾಳ. ಅಗಳಿನ ಕಲಿ ಉಳಿದೈತಿ.

ಮೊನ್ನೆ ತವರಿಗೆ ಹೋಗಿ ಬರೋವಾಗ ಕುರುಗೋಡಿನ ಬಸ್ ಸ್ಟ್ಯಾಂಡಿನಾಗ ಒಬ್ಬಾಕಿ ಬಾಜು ಕುಂತಿದ್ಲು. ತೊಡಿ ಮ್ಯಾಲ ಅದೇ ಬಟ್ಟಿ ಚೀಲ.

"ಪಾರ್ವತಿನಗರಕ್ಕೇನ ಯವ್ವಾ? ಚೀಲದ ಬಾಯಿ ಬಿಚ್ಚು, ನೋಡೋಣ."

ಬಿಚ್ಚಿದ್ಲು. ಕರಿ ಮಣ್ಣು, ಒಂದು ಹಳ್ಳೂ ಇಲ್ಲ. "ಎಲ್ಲಿಂದ ತಗೊಂಡಿ?"

"ಚಲೋ ಜಾಗದಿಂದಾರೀ. ಓದಿದವ್ರು ನೋಡ್ತಾರಲ್ಲ."

"ವಾಪಸ್ ಹೋಗು. ನಿನ್ನ ಹೊಲದಾಗ ಎಲ್ಲಾದಕ್ಕಿಂತ ಕೆಟ್ಟ ಜಾಗ ಯಾವುದೈತಿ, ಅಲ್ಲಿಂದಾನೂ ತಗೊಂಡು ಬಾ."

ಅಕಿ ನನ್ನ ಮಾರಿ ನೋಡಿದ್ಲು. "ನಿಮ್ಮ ಹೊಲ ಹೆಂಗೈತ್ರಿ ಅವ್ವಾರ?"

"ಸುಣ್ಣದಂಗೈತಿ."

"ಅದಕ್ಕ ಹಿಂಗಂತೀರಿ," ಅಂತ ಚೀಲದ ಬಾಯಿ ಕಟ್ಟಿದ್ಲು. ಬಳ್ಳಾರಿ ಬಸ್ ಬಂತು, ಹತ್ತಿ ಹೋದ್ಲು.

ಸಂಜಿಗೆ ಸೊಸಿ ಬಂದ ಮ್ಯಾಲ ಇದನ್ನ ಹೇಳಿದೆ. ಅಕಿ ಬಚ್ಚಲದಾಗ ಎರಡೂ ಕೈ ಚಾಚಿ ನಿಂತಿದ್ಲು, ಬೆರಳು ಕೆಂಪಗ ಬಾತಿದ್ವು.

"ಹೇಳಿದ್ರಲ್ಲ, ಆತು ಬಿಡ್ರಿ. ಖಾರ ಉರಿಯಾಕತ್ತೈತಿ, ನೀರು ಹಾಕ್ರಿ."

ಹಾಕಿದೆ. ಮೆಣಸಿನಕಾಯಿ ಉರಿ ನೀರಿಗೆ ಹೋಗೋದಿಲ್ಲ. ಅಕಿ ಸಾಕು ಅನ್ನೋ ತನಕ ಹಾಕಿದೆ.