ಕೌದಿಯೊಳಗಿನ ಹೋಂ ಥಿಯೇಟರ್

ನಮ್ಮ ಬೀದಿಯ ಕಾಗೆಗಳು ಕೆಂಪಗಿವೆ. ಸುಳ್ಳು ಅನ್ನಿಸಿದರೆ ಬಂದು ನೋಡಿ. ಬರುವಾಗ ಬಿಳಿ ಅಂಗಿ ಮಾತ್ರ ಹಾಕಿಕೊಳ್ಳಬೇಡಿ. ಹೊಸಪೇಟೆ ಮುಗಿದು ಸಂಡೂರಿನ ರಸ್ತೆ ಶುರುವಾಗುವ ಕಡೆ ಇರುವ ಈ ಬೀದಿಯಲ್ಲಿ ಮೊದಲು ಎರಡು ಎಮ್ಮೆ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಬೇಕಿತ್ತು. ಯಾವಾಗ ಮುಖ್ಯ ರಸ್ತೆಯಲ್ಲಿ ಅದಿರಿನ ಲಾರಿಗಳ ತೂಕ ನೋಡುವ ಗೇಟು ಬಂತೋ, ತೂಕ ತಪ್ಪಿಸಿಕೊಳ್ಳಬೇಕಾದ ಲಾರಿಗಳೆಲ್ಲ, ಅಂದರೆ ಎಲ್ಲಾ ಲಾರಿಗಳೂ, ನಮ್ಮ ಬೀದಿಗೆ ನುಗ್ಗಿದವು. ಒಂದೊಂದೂ ಗುಡ್ಡದ ಒಂದು ತುಂಡು ಹೊತ್ತು, ಮೇಲೆ ಹರಕು ತಾಡಪಾಲು ಹೊದ್ದು, ನಮ್ಮ ಮನೆಯ ಕಟ್ಟೆಯನ್ನು ಸವರಿಕೊಂಡೇ ಹೋಗುತ್ತದೆ. ಈ ಮಣ್ಣನ್ನು ಹಡಗಿಗೆ ತುಂಬಿ ಚೀನಾಕ್ಕೆ ಕಳಿಸುತ್ತಾರಂತೆ. ನನ್ನ ಅಂದಾಜಿನಲ್ಲಿ ಅರ್ಧ ಗುಡ್ಡ ಚೀನಾಕ್ಕೆ ಹೋಗಿದೆ, ಇನ್ನರ್ಧ ನನ್ನ ಮೂಗಿನಲ್ಲಿದೆ.

ನಗಬೇಡಿ. ನಾನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅವ್ವ ಹಪ್ಪಳ ಮಾಡಿ ಮಾರುತ್ತಾಳೆ. ಅಪ್ಪನಿಗೆ ರೈಸ್ ಮಿಲ್ಲಿನಲ್ಲಿ ಕೊಡುವ ಸಂಬಳ ಊಟಕ್ಕೆ ಸರಿಹೋಗುತ್ತದೆ. ಉಳಿದದ್ದೆಲ್ಲ, ನನ್ನ ಕಾಲೇಜು, ಕಂಪ್ಯೂಟರ್ ಕ್ಲಾಸು, ನಾನು ಹಾಕಿಕೊಂಡು ಮೆರೆಯುವ ಚಪ್ಪಲಿ, ಎಲ್ಲವೂ ಹಪ್ಪಳದ್ದು. ಅವಳ ಉದ್ದಿನ ಹಪ್ಪಳ ಎಷ್ಟು ತೆಳು ಅಂದರೆ ಅದರ ಹಿಂದೆ ಪುಸ್ತಕ ಹಿಡಿದು ನಾನು ಪರೀಕ್ಷೆಗೆ ಓದಿದ್ದೇನೆ. ಕಂಪ್ಲಿಯ ಅಂಗಡಿಗಳಿಗೂ ಕಡ್ಡಿರಾಂಪುರದ ಹೋಟೆಲುಗಳಿಗೂ ಅವು ಹೋಗುತ್ತಿದ್ದವು. ಹಪ್ಪಳಕ್ಕೆ ಬೇಕಾದದ್ದು ಬಿಸಿಲು, ಮಾಳಿಗೆ, ಬೆಳಗಿನಿಂದ ಸಂಜೆಯವರೆಗಿನ ಹೊತ್ತು. ಲಾರಿ ಬಂದ ಮೇಲೆ ಬೆಳಿಗ್ಗೆ ಬೆಳ್ಳಗೆ ಹಾಕಿದ ಹಪ್ಪಳವನ್ನು ಸಂಜೆ ಕೆಂಪಗೆ ಎತ್ತಿಕೊಳ್ಳುತ್ತಿದ್ದೆವು. ಮನೆಯೊಳಗೆ ಫ್ಯಾನಿನ ಕೆಳಗೆ ಒಣಗಿಸಿದಳು, ಬೂಷ್ಟು ಹಿಡಿಯಿತು. ಮೇಲೆ ತೆಳು ಸೀರೆ ಮುಚ್ಚಿದಳು, ಸೀರೆ ಕೆಂಪಾಗಿ, ಅದರ ಮೂಲಕ ಧೂಳು ಸೋಸಿಕೊಂಡು ಇನ್ನೂ ನುಣ್ಣಗೆ ಇಳಿಯಿತು. ಕೊನೆಗೆ ಕಂಪ್ಲಿಯ ಅಂಗಡಿಯವರು ಒಂದು ಪೂರ್ತಿ ಡಬ್ಬಿ ವಾಪಸ್ ಕಳಿಸಿದರು. ತಿಂದವರ ಹಲ್ಲಿನಲ್ಲಿ ಕರಕರ ಅನ್ನುತ್ತದಂತೆ. ಕಬ್ಬಿಣದ ಅಂಶ ಜಾಸ್ತಿ ಇದೆ, ರಕ್ತಹೀನತೆ ಇರುವ ಬಾಣಂತಿಯರಿಗೆ ಮಾರೋಣ ಅಂದೆ. ಅವ್ವ ನಗಲಿಲ್ಲ.

"ಈ ತಿಂಗ್ಳು ನೋಡ್ತೀನಿ," ಅಂದಳು. "ಹಿಂಗಾ ಇದ್ರ ಮಣಿನೂ ಲಟ್ಟಣಿಗಿನೂ ತೊಳದು ಅಟ್ಟಕ್ಕ ಏರಸ್ತೀನಿ. ನೀನೂ ಕಾಲೇಜ್ ಬಿಟ್ಟು ಮನ್ಯಾಗ ಕುಂದ್ರು."

ಹೀಗಾಗಿ ಹಪ್ಪಳ ಉಳಿಸುವುದು ಅಂದರೆ ನನ್ನನ್ನು ಉಳಿಸುವುದು. ಇದು ನೆನಪಿರಲಿ.

ನಮ್ಮ ಬೀದಿಯ ನಿವೃತ್ತ ಮಾಸ್ತರು ಬರೆದ ಅರ್ಜಿಗಳನ್ನು ಒಂದರ ಮುಂದೊಂದು ಅಂಟಿಸಿದರೆ ಮರಿಯಮ್ಮನಹಳ್ಳಿಯವರೆಗೆ ಮುಟ್ಟುತ್ತಿತ್ತು. ಒಮ್ಮೆ ಜಿಲ್ಲಾ ಕಚೇರಿಯಿಂದ ಸಾಹೇಬರೊಬ್ಬರು ಬಂದರು ಕೂಡ. ಅವರು ಬರುವುದು ನಮಗಿಂತ ಮೊದಲು ಲಾರಿಯವರಿಗೆ ಗೊತ್ತಾಗಿ, ಬೆಳಿಗ್ಗೆಯೇ ಟ್ಯಾಂಕರಿನಿಂದ ಬೀದಿಗೆ ನೀರು ಹೊಡೆಸಿ, ಒಂದು ಲಾರಿಯೂ ಸುಳಿಯದ ಹಾಗೆ ನೋಡಿಕೊಂಡರು. ಸಾಹೇಬರು ತಣ್ಣನೆಯ ಬೀದಿಯಲ್ಲಿ ನಡೆದು ಸುಖವಾಗಿದ್ದೀರಲ್ಲ ಅಂದರು. ಮಾಸ್ತರು ಫೋಟೋ ತೋರಿಸಿದಾಗ ಫೋಟೋ ಕೈಯಲ್ಲಿ ಹಿಡಿದು ಮೊಬೈಲ್ ನೋಡಿದರು. ಆಮೇಲೆ ಮದುವೆ ವಿಡಿಯೋ ತೆಗೆಯುವ ನಮ್ಮ ಬೀದಿಯ ಮಾಮ, ನಾವೆಲ್ಲ ವಿಡಿಯೋ ಮಾಮ ಅನ್ನುವವರು, ಮೂರು ದಿನ ನಮ್ಮ ಮಾಳಿಗೆ ಮೇಲೆ ಕೂತು ಲಾರಿಗಳನ್ನೂ ಅವ್ವನ ಹಪ್ಪಳವನ್ನೂ ಕ್ಯಾಮೆರಾದಲ್ಲಿ ಹಿಡಿದರು. ಒಂದು ಶುಕ್ರವಾರ ಸುದ್ದಿ ಬಂತು, ಅದೇ ಸಾಹೇಬರು ಮಂಗಳವಾರ ಮತ್ತೆ ಬರುತ್ತಾರೆ, ಬೀದಿಯಲ್ಲೇ ಸಭೆ. ಈ ವಿಡಿಯೋ ಟಿವಿಯಲ್ಲಿ ತೋರಿಸಿದರೆ ಮತ್ತೆ ಮೊಬೈಲ್ ನೋಡುತ್ತಾರೆ ಎಂದು ಮಾಸ್ತರು ತಲೆ ಕೆರೆದುಕೊಳ್ಳುತ್ತಿದ್ದಾಗ ನಾನು ಬಾಯಿ ಬಿಟ್ಟೆ.

"ಪ್ರೊಜೆಕ್ಟರ್ ತರೋಣ್ರಿ. ಗೋಡಿಯಷ್ಟು ಕಾಣ್ತೈತಿ. ಮೊಬೈಲ್ ಎತ್ತಾಕೂ ಧೈರ್ಯ ಬರಬಾರದು."

ಕಾಲೇಜಿನಲ್ಲಿ ಒಂದು ಸಲ ಪ್ರೊಜೆಕ್ಟರ್ ನೋಡಿದ್ದೆ, ಅದೂ ಕೊನೆಯ ಬೆಂಚಿನಿಂದ. ಆದರೆ ನಾನು ಮಾತಾಡಿದ ಠೀವಿಗೆ ಬೀದಿಯವರು ನಾನೇ ಅದನ್ನು ಕಂಡುಹಿಡಿದೆ ಅಂದುಕೊಂಡರು. ಮನೆಮನೆಗೆ ಪಟ್ಟಿ ಎತ್ತಿ ಹದಿನೈದು ಸಾವಿರ ಕೂಡಿಸಿದರು. ಅವ್ವ ತನ್ನ ಪಾಲು ಕೊಡುವಾಗ ನನ್ನ ಮುಖ ಒಂದು ಕ್ಷಣ ಹೆಚ್ಚೇ ನೋಡಿದಳು. ಆಗ ನಾನು ನನ್ನ ಚಪ್ಪಲಿ ನೋಡಿಕೊಂಡೆ, ಒಪ್ಪಿಕೊಳ್ಳುತ್ತೇನೆ.

ಶನಿವಾರ ಮಾಸ್ತರೂ ನಾನೂ ಪ್ರೊಜೆಕ್ಟರ್ ಬಾಡಿಗೆಗೆ ಕೊಡುವವನ ಹತ್ತಿರ ಹೋದೆವು. ಅದು ಅವನ ಮೇಜಿನ ಮೇಲೆಯೇ ಕೂತಿತ್ತು. ಯಾವ ಪಿಕ್ಚರ್ ಹಾಕುತ್ತೀರಿ ಎಂದು ಕೇಳಿದ. ನಮ್ಮ ಮಾಸ್ತರು ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ, ಲಾರಿಯದ್ದು ಅಂದುಬಿಟ್ಟರು. ಅವನ ಗಿರಾಕಿಗಳೆಲ್ಲ ಲಾರಿ ಮಾಲೀಕರೇ.

"ಅದು ರಿಪೇರಿಗೆ ಹೋಗೈತ್ರಿ," ಅಂದ.

"ಇಲ್ಲೇ ಐತಲ್ಲಪ," ಅಂದರು ಮಾಸ್ತರು.

"ಈಗ ಹೊಂಟೈತ್ರಿ."

ಹೊರಗೆ ಬಂದು ನಾನು ಮಾಸ್ತರಿಗೆ ತಾಕೀತು ಮಾಡಿದೆ, ಇನ್ನು ಎಲ್ಲಿಯೂ ಲಾರಿ ಅನ್ನಕೂಡದು, ಮಾತೆಲ್ಲ ನನ್ನದು. ಭಾನುವಾರ ಕಂಪ್ಲಿಗೆ ಬಸ್ಸು ಹತ್ತಿದೆವು. ಅಲ್ಲಿ ಒಬ್ಬನ ಹತ್ತಿರ ಹಳೆಯದು ಅಗ್ಗಕ್ಕೆ ಇತ್ತು. ಬಲ್ಬು ಸುಟ್ಟಿತ್ತು. ಹೊಸ ಬಲ್ಬಿಗೆ ಎಷ್ಟು ಅಂತ ಕೇಳಿದರೆ ಪ್ರೊಜೆಕ್ಟರಿಗಿಂತ ಹೆಚ್ಚು ಹೇಳಿದ. ಮದುಮಗನಿಗಿಂತ ಪೇಟ ದುಬಾರಿಯಾದ ವ್ಯಾಪಾರ. ನಿಂತುಕೊಂಡು ವಾಪಸ್ ಬಂದೆವು, ಬಸ್ಸಿನಲ್ಲಿ ನನ್ನ ಕಾಲ ಮೇಲೆ ಯಾರದೋ ಭತ್ತದ ಚೀಲ.

ಸೋಮವಾರ ಹೊಸಪೇಟೆ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಟಿವಿ ಅಂಗಡಿಯಲ್ಲಿ ಎರಡು ಸಿಕ್ಕವು, ಎರಡೂ ಸೆಕೆಂಡ್ ಹ್ಯಾಂಡ್, ಎರಡಕ್ಕೂ ಒಂದೇ ರೇಟು, ನಮ್ಮ ಹದಿನೈದರೊಳಗೆ. ಒಂದು ಯಾವುದೋ ಆಫೀಸಿನದು, ಮಾಸಿದ ಬಿಳಿ ಡಬ್ಬಿ, ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿತ್ತು. ಅದು ತೋರಿಸಿದ ಚಿತ್ರದಲ್ಲಿ ಎಲ್ಲರ ಮುಖವೂ ಸುಣ್ಣ ಬಳಿದ ಹಾಗೆ. ಇನ್ನೊಂದು ಒಬ್ಬ ಲಾರಿ ಮಾಲೀಕರ ಮನೆಯದು. ಆರು ತಿಂಗಳು ನೋಡಿ, ಇನ್ನೂ ದೊಡ್ಡದು ತೆಗೆದುಕೊಂಡು, ಇದನ್ನು ಎಸೆದಿದ್ದರು. ಕರ್ರಗೆ, ನುಣ್ಣಗೆ, ಹೊಸ ಕಾರಿನ ಹಾಗೆ ಹೊಳೆಯುತ್ತಿತ್ತು. ಅಂಗಡಿಯವನು ಒಳಗಿನ ಕೋಣೆಗೆ ಕರೆದು, ಪರದೆ ಎಳೆದು, ಒಂದು ಜಲಪಾತ ಹಾಕಿದ. ಆ ಹಸಿರು ನೋಡಿ, ಸುತ್ತ ಕೆಂಪು ಬಿಟ್ಟು ಬೇರೆ ಬಣ್ಣವೇ ಮರೆತಿದ್ದ ನನ್ನ ಕಣ್ಣಿಗೆ ಸಾಕ್ಷಾತ್ ಬಾಯಾರಿಕೆಯಾಯಿತು. ಮಾಸ್ತರು ಕಾಲು ಒದ್ದೆಯಾಗುತ್ತದೆಂದು ಧೋತರ ಎತ್ತಿ ಹಿಡಿದರು. ಸರಿ, ಅದು ಸುಳ್ಳು. ಆದರೆ ಎತ್ತುವವರಿದ್ದರು.

"ಎಲ್ಲಿ ಹಾಕ್ತೀರವ್ವ ಇದನ್ನ?" ಅಂಗಡಿಯವನು ಕೇಳಿದ.

ಮಾಸ್ತರು ಬಾಯಿ ತೆರೆಯುವಷ್ಟರಲ್ಲಿ ನಾನು ಹೇಳಿದೆ, "ಮನಿಯಾಗ್ರಿ. ಹೋಂ ಥಿಯೇಟರ್ ಮಾಡಾಕ ಹತ್ತೀವಿ."

"ಹಂಗಿದ್ರ ಕಣ್ಣು ಮುಚ್ಚಿ ಕರೇದು ಒಯ್ರಿ. ಬಿಳೇದು ಆಫೀಸ್ನೋರಿಗೆ," ಅಂದ.

ಅವನ ತಪ್ಪು ಏನೂ ಇಲ್ಲ. ಅದೇ ನನಗೆ ಹೆಚ್ಚು ಸಿಟ್ಟು ಬರಿಸುವುದು. ನಿಜ ಹೇಳಿದ್ದರೆ ಸರಿಯಾದದ್ದು ಕೊಡುತ್ತಿದ್ದ, ಆದರೆ ನಿಜ ಹೇಳಿದರೆ ಈ ಊರಲ್ಲಿ ಯಾವುದನ್ನೂ ಕೊಡುವುದಿಲ್ಲ. ಕರಿಯದನ್ನೇ ಕೊಂಡು ತಂದೆವು. ಸಂಜೆ ನಮ್ಮ ಮನೆಯಲ್ಲಿ ಬಾಗಿಲು ಕಿಟಕಿ ಜಡಿದು ವಿಡಿಯೋ ಹಾಕಿದಾಗ ಬೀದಿಯೆಲ್ಲ ಬಂದು ಸೇರಿತು. ಗೋಡೆಯಷ್ಟೆತ್ತರ ಲಾರಿ ಎದುರು ಬಂದಾಗ ಮುಂದೆ ಕೂತ ಮಕ್ಕಳು ಹಿಂದಕ್ಕೆ ಜರುಗಿದವು. ನಾನು ರಿಮೋಟು ಹಿಡಿದು ರಾಜಮಾತೆಯ ಹಾಗೆ ನಿಂತಿದ್ದೆ.

ಮಂಗಳವಾರ ಹನ್ನೊಂದು ಗಂಟೆ. ಬೇಸಿಗೆಯ ಹೊಸಪೇಟೆಯ ಹನ್ನೊಂದು ಗಂಟೆ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ: ನೆರಳಿಗೂ ಕಣ್ಣು ಕುಕ್ಕುತ್ತದೆ. ಹಳದಿ ಶಾಮಿಯಾನ, ಬಿಳಿ ಪರದೆ, ಮುಂದಿನ ಸಾಲಿನಲ್ಲಿ ಸಾಹೇಬರು, ಅವರ ಪಕ್ಕದಲ್ಲಿ ಕೈಗೆ ಬಂಗಾರದ ಚೈನು ಹಾಕಿದ ಲಾರಿ ಮಾಲೀಕರ ಕಡೆಯವನೊಬ್ಬ. ಬೀದಿಗೆ ನೀರು ಹೊಡೆದಾಗಿತ್ತು. ನಾನು ಗುಂಡಿ ಒತ್ತಿದೆ. ಏನೂ ಕಾಣಲಿಲ್ಲ. ಮತ್ತೆ ಒತ್ತಿದೆ. ಪ್ರೊಜೆಕ್ಟರಿನ ಬಾಯಲ್ಲಿ ಬೆಳಕಿದೆ, ಪರದೆಯ ಮೇಲೆ ಇಲ್ಲ. ಹತ್ತಿರ ಹೋಗಿ ಮೂಗು ತಾಗಿಸಿದರೆ ಎಲ್ಲೋ ಒಂದು ಲಾರಿಯ ಆತ್ಮ ಚಲಿಸುತ್ತಿತ್ತು. ಕತ್ತಲ ಕೋಣೆಗೆ ಮಾಡಿದ ಯಂತ್ರವನ್ನು ನಾನು ಬಯಲಿಗೆ ತಂದಿದ್ದೆ. ಬೆಳಕಿರುವ ಆಫೀಸಿಗೆಂದೇ ಮಾಡಿದ, ಗಿರಣಿಯ ಹಾಗೆ ಕೂಗುವ ಆ ಬಿಳಿ ಡಬ್ಬಿ ಇದ್ದಿದ್ದರೆ ಸುಣ್ಣದ ಮುಖವಾದರೂ ಕಾಣುತ್ತಿತ್ತು.

"ಏನು ತೋರಿಸ್ತಾ ಇದ್ದೀಯಮ್ಮ?" ಸಾಹೇಬರು ಕೇಳಿದರು.

ಚೈನಿನವನು ಕಾಲ ಮೇಲೆ ಕಾಲು ಹಾಕಿ ನಕ್ಕ. "ದೆವ್ವದ ಪಿಕ್ಚರ್ ಇರ್ಬೇಕು ಬಿಡ್ರಿ ಸಾಹೇಬ್ರ. ಪುಣ್ಯವಂತರಿಗೆ ಕಾಣಂಗಿಲ್ಲ."

ನನಗೆ ಅಳು ಬರಲಿಲ್ಲ. ಬಂದದ್ದು ಆ ಕಾಲಿನ ಮೇಲಿನ ಕಾಲನ್ನು ಮುರಿಯುವಷ್ಟು ಸಿಟ್ಟು. ಅದರ ಹಿಂದೆಯೇ ನನ್ನ ಮೇಲೇ ಸಿಟ್ಟು, ಹಸಿರು ಜಲಪಾತದ ಮೇಲೆ ಸಿಟ್ಟು. ಸಾಹೇಬರು ಗಡಿಯಾರ ನೋಡಿ ಕುರ್ಚಿ ಹಿಂದಕ್ಕೆ ಸರಿಸಿದರು.

ಅಷ್ಟರಲ್ಲಿ ಅವ್ವ ಮನೆಯೊಳಗಿಂದ ಕೌದಿ ಹೊತ್ತು ಬಂದಳು. ನಮ್ಮ ಅಜ್ಜಿಯ ಹಳೇ ಸೀರೆಗಳನ್ನೆಲ್ಲ ಪದರ ಪದರ ಹೊಲಿದು ಮಾಡಿದ್ದು, ಎಮ್ಮೆಯಷ್ಟು ಭಾರ. ಅದನ್ನು ಶಾಮಿಯಾನದ ಎರಡು ಕಂಬಗಳಿಗೆ ಎಳೆದು ಕಟ್ಟಿದಳು. ಪಕ್ಕದ ಮನೆಯವರು ತಮ್ಮದು ತಂದರು, ಅವರ ಪಕ್ಕದವರು ತಮ್ಮದು. ಎರಡು ನಿಮಿಷದಲ್ಲಿ ಸಾಹೇಬರು ಕುರ್ಚಿಯ ಸಮೇತ ಕೌದಿಗಳ ಒಂದು ಗುಡಾರದೊಳಗಿದ್ದರು. ಒಳಗೆ ಅವರು, ಮಾಸ್ತರು, ನಾನು, ಪ್ರೊಜೆಕ್ಟರು. ಜಾಗ ಇಲ್ಲದ್ದರಿಂದ ಪ್ರೊಜೆಕ್ಟರನ್ನು ಪರದೆಯ ಹತ್ತಿರಕ್ಕೆ ಎಳೆದೆ. ಚಿತ್ರ ಚಿಕ್ಕದಾಗುತ್ತ ಚಿಕ್ಕದಾಗುತ್ತ ಗೋಡೆಯಷ್ಟರಿಂದ ಊಟದ ತಟ್ಟೆಯಷ್ಟಕ್ಕೆ ಇಳಿಯಿತು. ಆದರೆ ಚಿಕ್ಕದಾದಷ್ಟೂ ಬೆಳಕು ಹೆಚ್ಚಿತು. ತಟ್ಟೆಯ ತುಂಬ ಲಾರಿ, ಸ್ಪಷ್ಟವಾಗಿ.

ಒಳಗೆ ಎಷ್ಟು ಸೆಕೆ ಅಂದರೆ ಇಡ್ಲಿ ಇಟ್ಟಿದ್ದರೆ ಬೆಂದಿರುತ್ತಿತ್ತು. ತಟ್ಟೆಯೊಳಗೆ ಅವ್ವ ಮಾಳಿಗೆ ಮೇಲೆ ಬಿಳಿ ಹಪ್ಪಳ ಹಾಕಿದಳು. ಒಂದು ಲಾರಿ ಹೋಯಿತು. ಇನ್ನೊಂದು. ಮೂರನೆಯದಕ್ಕೆ ಮಾಳಿಗೆಯೇ ಕಾಣಲಿಲ್ಲ. ಧೂಳು ಇಳಿದ ಮೇಲೆ ಅವ್ವ ಒಂದು ಹಪ್ಪಳ ಎತ್ತಿ, ಬೆರಳಿನಿಂದ ಅದರ ಮೇಲೆ ಗೆರೆ ಎಳೆದು, ಕೆಂಪು ಬೆರಳನ್ನು ನೇರ ಕ್ಯಾಮೆರಾಕ್ಕೆ ತೋರಿಸಿದಳು. ಸಾಹೇಬರ ಬೆವರು ಅವರ ಕಾಲರಿನೊಳಕ್ಕೆ ಇಳಿಯುತ್ತಿತ್ತು. ಎದ್ದು ಹೋಗಲೆಂದು ಕೌದಿ ಎತ್ತಲು ನೋಡಿದರು. ಕೌದಿ ಮೇಲೇಳಲಿಲ್ಲ. ಹೊರಗೆ ನಮ್ಮ ಬೀದಿಯ ಹೆಂಗಸರು ಅಂಚು ಹಿಡಿದಿದ್ದರು.

"ಇನ್ನ ಸ್ವಲ್ಪ ಐತ್ರಿ ಸಾಹೇಬ್ರ," ಹೊರಗಿನಿಂದ ಅವ್ವನ ದನಿ. "ನಾವು ದಿನಾ ನೋಡ್ತೀವಿ."

ಪೂರ್ತಿ ನೋಡಿದರು. ಮೊಬೈಲು ಎರಡು ಸಲ ಕಿಸೆಯಲ್ಲಿ ಗುರುಗುಟ್ಟಿತು, ತೆಗೆಯಲು ಮೊಣಕೈ ಆಡಿಸುವಷ್ಟು ಜಾಗ ಇರಲಿಲ್ಲ. ಹೊರಗೆ ಬಂದಾಗ ಅವರ ಮುಖ ನಮ್ಮ ಕಾಗೆಗಳ ಬಣ್ಣಕ್ಕೆ ತಿರುಗಿತ್ತು. ನೀರು ಕುಡಿದು, ಒಂದು ಲಾರಿಯ ನಂಬರೂ ಓದಲು ಬರುವುದಿಲ್ಲವಲ್ಲ, ಎಲ್ಲಾ ಪ್ಲೇಟಿಗೂ ಮಣ್ಣು ಮೆತ್ತಿದೆ, ಯಾರ ಮೇಲೆ ಅಂತ ಬರೆಯಲಿ ಎಂದರು. ಮಣ್ಣು ಮೆತ್ತಿದವರ ಮೇಲೆ ಬರೆಯಿರಿ ಎಂದು ನಾನು ಹೇಳುವುದರಲ್ಲಿದ್ದೆ. ಅವ್ವ ನನ್ನ ರಟ್ಟೆ ಹಿಡಿದು ಹಿಂದೆ ಎಳೆದಳು.

"ಯಾರ ಮ್ಯಾಲೂ ಬರೀಬ್ಯಾಡ್ರಿ," ಅಂದಳು. "ರಾತ್ರಿ ಅವ್ರ ಇಟ್ಗೊಳ್ಳಿ. ಬಿಸಿಲು ನನಗ ಕೊಡ್ರಿ."

ಸಾಹೇಬರು ಅದನ್ನು ಬರೆದುಕೊಂಡರು. ಎಂಟು ದಿನಕ್ಕೆ ಬೀದಿಯ ತುದಿಯಲ್ಲಿ ಬೋರ್ಡು ಬಂತು, ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಲಾರಿ ಬಿಡಕೂಡದು, ಕಾಯಲು ಒಬ್ಬ ಪೊಲೀಸಪ್ಪನೂ ಬಂದ. ಬೀದಿಯವರು ಪೇಡೆ ಹಂಚಿದರು. ಪ್ರೊಜೆಕ್ಟರನ್ನು ವಿಡಿಯೋ ಮಾಮ ಮದುವೆಗಳಿಗೆಂದು ಕೊಂಡುಕೊಂಡು ಎಲ್ಲರ ಪಟ್ಟಿಯ ದುಡ್ಡು ಮರಳಿಸಿದರು. ನಾನು ಮಾತ್ರ ಪೇಡೆ ಮುಟ್ಟಲಿಲ್ಲ. ಬೀದಿ ನಮ್ಮದು, ಅದರಲ್ಲಿ ಎಂಟು ತಾಸು ನಮಗೆ ದಾನ ಕೊಟ್ಟು ಹದಿನಾರು ತಾಸು ಅವರು ಇಟ್ಟುಕೊಂಡರಲ್ಲ. ಇಪ್ಪತ್ನಾಲ್ಕೂ ಕೇಳಬೇಕಿತ್ತು ಎಂದು ಅವ್ವನ ಮೇಲೆ ಎರಡು ದಿನ ಹಾರಾಡಿದೆ.

"ಪೂರಾ ಕೇಳಿದ್ರ ನೋಡೋಣು ಅಂತಿದ್ದ," ಅವ್ವ ಹಿಟ್ಟು ನಾದುತ್ತ ಹೇಳಿದಳು. "ಅರ್ಧ ಕೇಳಿದ್ದಕ್ಕ ಪೆನ್ ತಗದ. ಹೋಗು, ಮಾಳಿಗಿ ಗುಡಿಸು."

ಕಂಪ್ಲಿಯ ಅಂಗಡಿಯವರು ಹಪ್ಪಳ ತುಂಬಿಸಿಕೊಡಿ ಎಂದು ಮತ್ತೆ ಖಾಲಿ ಡಬ್ಬಿ ಕಳಿಸಿದ್ದಾರೆ. ನಾನು ಕಾಲೇಜಿಗೆ ಹೋಗುತ್ತಿದ್ದೇನೆ, ಚಪ್ಪಲಿಯೂ ಹೊಸದು. ಮಧ್ಯಾಹ್ನ ಬಂದವಳೇ ಮಾಳಿಗೆ ಹತ್ತಿ ನಾಲ್ಕರೊಳಗೆ ಹಪ್ಪಳ ಎತ್ತುವುದು ನನ್ನ ಕೆಲಸ. ಮೂರೂವರೆಯಿಂದಲೇ ಲಾರಿಗಳು ಬೀದಿಯ ತುದಿಯಲ್ಲಿ ಎಂಜಿನ್ ಗುರುಗುಡಿಸುತ್ತ ಸಾಲು ನಿಲ್ಲುತ್ತವೆ. ನಮ್ಮ ಹೆಂಗಸರು ತಿಂಗಳೊಪ್ಪತ್ತು ಜಗಳ ಮಾಡಿ ಒಂದು ಕಟ್ಟುಪಾಡು ಮಾಡಿದ್ದಾರೆ, ಕೊನೆಯ ಹಪ್ಪಳ ಮಾಳಿಗೆಯಿಂದ ಏಳುವ ತನಕ ಪೊಲೀಸಪ್ಪ ಬೀದಿಗೆ ಅಡ್ಡ ಕಟ್ಟಿದ ಹಗ್ಗ ಬಿಚ್ಚುವ ಹಾಗಿಲ್ಲ.

ಮೊದಲು ಹತ್ತು ನಿಮಿಷದಲ್ಲಿ ಎಲ್ಲಾ ಎತ್ತುತ್ತಿದ್ದೆ. ಈಗ ಒಂದೊಂದನ್ನೇ ಎತ್ತುತ್ತೇನೆ. ಎತ್ತಿ, ಬಿಸಿಲಿಗೆ ಹಿಡಿದು, ಎರಡೂ ಬದಿ ನೋಡಿ, ಒಂದರ ಮೇಲೊಂದು ಅಂಚು ಸರಿಗೂಡಿಸಿ ಇಡುತ್ತೇನೆ. ನಿನ್ನೆ ಮುಂದಿನ ಲಾರಿಯ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, "ಯವ್ವಾ, ಜಲ್ದಿ ಎತ್ತವ್ವ, ಹಿಂದ ಸಾಲು ಸಂಡೂರು ಮುಟ್ಟೈತಿ," ಎಂದು ಕೂಗಿದ. ನನಗೆ ಅದು ಕೇಳಿಸಲಿಲ್ಲ. ಒಂದು ಹಪ್ಪಳ ಇನ್ನೂ ಸ್ವಲ್ಪ ಹಸಿ ಇತ್ತು, ಮಗುಚಿ ಹಾಕಿ ಅದರ ಪಕ್ಕ ಕೂತೆ.